ಬಾಡಿಗೆ ಮನೆಯಲ್ಲಿ ನೀರು ಸೋರಿದರೆ ಹೊಣೆ ಯಾರದು? ಪದೇ ಪದೇ ಕೇಳುವ ಪ್ರಶ್ನೆಗಳು

ಅಪಾರ್ಟ್‌ಮೆಂಟಿನಲ್ಲಿ ಒಬ್ಬರ ಮನೆಯ ನೆಲವೇ ಇನ್ನೊಬ್ಬರ ಮನೆಯ ಚಾವಣಿ. ಆದ್ದರಿಂದ ಬಚ್ಚಲಿನ ಮೂಲೆಯಲ್ಲಿ ಜಿನುಗಿದ ನೀರು ಬಾಡಿಗೆದಾರ, ಮನೆ ಮಾಲೀಕ, ಕೆಳಗಿನ ಮನೆಯವರು, ನಿವಾಸಿಗಳ ಸಂಘ, ಕೆಲವೊಮ್ಮೆ ವಿಮಾ ಕಂಪನಿ ಹೀಗೆ ನಾಲ್ಕೈದು ಮಂದಿಯನ್ನು ಒಂದೇ ಜಗಳಕ್ಕೆ ಎಳೆದು ತರುತ್ತದೆ. ಬಾಡಿಗೆಯ ಕಾನೂನು ದೇಶದಿಂದ ದೇಶಕ್ಕೆ, ಒಂದೇ ದೇಶದೊಳಗೂ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆಯಾದರೂ, ಸೋರಿಕೆಯ ಹೊಣೆಯನ್ನು ಹಂಚುವ ತರ್ಕ ಬಹುಮಟ್ಟಿಗೆ ಒಂದೇ ಆಗಿದೆ. ಇಲ್ಲಿ ವಿವರಿಸಿರುವುದು ಆ ತರ್ಕವನ್ನು. ಅಗತ್ಯವಿದ್ದ ಕಡೆ ಕೆಲವು ದೇಶಗಳ ಕಾನೂನನ್ನು ಉದಾಹರಣೆಗೆ ತೆಗೆದುಕೊಳ್ಳಲಾಗಿದೆ.

ನಾನು ವಾಸವಿರುವ ಮನೆಯಲ್ಲಿ ನೀರು ಸೋರಿದರೆ ಅದರ ಹೊಣೆ ನನ್ನದೇ ಆಗುತ್ತದೆಯೇ?

ಇಲ್ಲ. ಮನೆಯಲ್ಲಿ ವಾಸವಿದ್ದೀರಿ ಎಂಬ ಒಂದೇ ಕಾರಣಕ್ಕೆ ಹೊಣೆ ಬರುವುದಿಲ್ಲ. ಮೂರು ಸಂಗತಿಗಳನ್ನು ನೋಡಬೇಕಾಗುತ್ತದೆ: ನೀರು ಯಾವ ಭಾಗದಿಂದ ಹೊರಬಂತು ಮತ್ತು ಆ ಭಾಗವನ್ನು ಸುಸ್ಥಿತಿಯಲ್ಲಿಡುವ ಕರ್ತವ್ಯ ಯಾರದು; ಸೋರಿಕೆಗೆ ಯಾರದಾದರೂ ಅಜಾಗರೂಕತೆ ಕಾರಣವೇ; ಸೋರುತ್ತಿರುವುದು ಯಾರಿಗೆ ಯಾವಾಗ ಗೊತ್ತಾಯಿತು, ಗೊತ್ತಾದ ಮೇಲೆ ಅವರು ಏನು ಮಾಡಿದರು. ಜಗಳವಾಡುವವರು ಸಾಮಾನ್ಯವಾಗಿ ಮೊದಲ ಎರಡನ್ನೇ ಹಿಡಿದು ಕೂರುತ್ತಾರೆ. ಆದರೆ ತೀರ್ಮಾನ ಬಹಳ ಸಲ ಮೂರನೆಯದರ ಮೇಲೆ ನಿಲ್ಲುತ್ತದೆ.

ಸೋರಿಕೆಯ ಮೂಲವನ್ನು ಪತ್ತೆ ಮಾಡುವುದು ಹೇಗೆ?

ಹೊಣೆಯ ಮಾತು ಆಡುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು. ಕಲೆ ಕಂಡ ಜಾಗದ ನೇರ ಮೇಲ್ಗಡೆಯೇ ತೂತು ಇರುತ್ತದೆ ಎಂದು ತಿಳಿಯುವುದು ತಪ್ಪು. ಕಾಂಕ್ರೀಟಿನ ಸ್ಲ್ಯಾಬಿನೊಳಗೆ ಸೇರಿದ ನೀರು ಬಿರುಕು, ಕಬ್ಬಿಣದ ಸರಳು, ವೈರಿಂಗ್ ಪೈಪುಗಳ ಜಾಡು ಹಿಡಿದು ಹರಿದು ಎಷ್ಟೋ ದೂರದಲ್ಲಿ ಹೊರಗೆ ಕಾಣಿಸಿಕೊಳ್ಳಬಹುದು.

ನೀರು ಯಾವಾಗ ಸೋರುತ್ತದೆ ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆಯೇ. ಯಾರೂ ನೀರು ಬಳಸದಿದ್ದಾಗಲೂ ಹಗಲು ರಾತ್ರಿ ಎನ್ನದೆ ತೊಟ್ಟಿಕ್ಕುತ್ತಿದ್ದರೆ ಅದು ಹೆಚ್ಚಾಗಿ ಒತ್ತಡದಲ್ಲಿರುವ ಸರಬರಾಜು ಪೈಪಿನ ತೊಂದರೆ. ಸ್ನಾನ ಮಾಡಿದಾಗ, ಫ್ಲಶ್ ಮಾಡಿದಾಗ ಅಥವಾ ಸಿಂಕ್ ಖಾಲಿ ಮಾಡಿದಾಗ ಮಾತ್ರ ಸೋರಿದರೆ ಹೊರಹೋಗುವ ಪೈಪಿನ ಕೀಲನ್ನು ಅನುಮಾನಿಸಬೇಕು. ಬಳಸಿದ ಎಷ್ಟೋ ಹೊತ್ತಿನ ಮೇಲೆ ತೇವ ನಿಧಾನವಾಗಿ ಹರಡಿ, ಒಣಗಲು ದಿನಗಳೇ ಹಿಡಿದರೆ ಟೈಲ್ಸ್ ನಡುವಿನ ಗ್ರೌಟ್ ಅಥವಾ ಅದರಡಿಯ ಜಲನಿರೋಧಕ ಪದರ ಕೆಟ್ಟಿರುವ ಸಾಧ್ಯತೆ ಹೆಚ್ಚು. ಮಳೆ ಬಂದಾಗ ಮಾತ್ರ ಕಾಣಿಸುವ ತೇವಕ್ಕೆ ಹೊರಗೋಡೆ, ಕಿಟಕಿಯ ಅಂಚು ಅಥವಾ ತಾರಸಿ ಕಾರಣವಾಗಿರುತ್ತದೆ. ಸೋರಿಕೆಯೇ ಇಲ್ಲದೆ, ಗಾಳಿಯಾಡದ ಕೋಣೆಯ ತಣ್ಣನೆಯ ಗೋಡೆಯ ಮೇಲೆ ಆವಿ ನೀರಾಗಿ ಕೂತು ಬೂಷ್ಟು ಹಿಡಿಯುವುದೂ ಉಂಟು.

ಪರೀಕ್ಷೆಗಳು ಕಷ್ಟದವೇನಲ್ಲ. ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ ಮೀಟರಿನ ಅಂಕಿಯನ್ನು ಬರೆದಿಟ್ಟು, ಒಂದೆರಡು ಗಂಟೆ ಬಿಟ್ಟು ಮತ್ತೆ ನೋಡಿದಾಗ ಅಂಕಿ ಸರಿದಿದ್ದರೆ ಮೀಟರಿನಿಂದ ಈಚೆಗೆ ಎಲ್ಲಿಯೋ ನೀರು ಹೋಗುತ್ತಿದೆ ಎಂದರ್ಥ. ಫ್ಲಶ್ ಟ್ಯಾಂಕಿಗೆ ಬಣ್ಣ ಬೆರೆಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಕಾದಾಗ ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಲ್ವ್ ಸರಿಯಿಲ್ಲ. ಬಚ್ಚಲಿನ ನೀರು ಹೋಗುವ ಕಿಂಡಿಯನ್ನು ಮುಚ್ಚಿ, ಕೆಲವು ಸೆಂಟಿಮೀಟರ್ ಎತ್ತರಕ್ಕೆ ನೀರು ಕಟ್ಟಿ, 24 ಗಂಟೆ ಬಿಟ್ಟು ಕೆಳಗಿನ ಚಾವಣಿಯನ್ನು ನೋಡುವುದು ಜಲನಿರೋಧಕ ಪದರದ ಪರೀಕ್ಷೆ. ಇದನ್ನು ಮಾತ್ರ ಕೆಳಗಿನ ಮನೆಯವರಿಗೂ ಮಾಲೀಕರಿಗೂ ಮೊದಲೇ ಹೇಳಿ, ಪ್ಲಂಬರ್ ಎದುರಿನಲ್ಲಿ ಮಾಡಿಸುವುದು ಕ್ಷೇಮ. ಪ್ಲಂಬರ್ ಕೊಡುವ ಎರಡು ಸಾಲಿನ ಲಿಖಿತ ವರದಿ ಮುಂದೆ ಇಬ್ಬರ ಬಾಯಿಮಾತಿಗಿಂತ ಹೆಚ್ಚು ಬೆಲೆ ಬಾಳುತ್ತದೆ.

ಯಾವ ರಿಪೇರಿ ಮಾಲೀಕರದು, ಯಾವುದು ಬಾಡಿಗೆದಾರನದು?

ಗೋಡೆಯೊಳಗೆ ಮತ್ತು ನೆಲದಡಿಯಲ್ಲಿ ಇರುವುದು ಮಾಲೀಕರದು, ಕೈಗೆ ಸಿಗುವ ಮತ್ತು ದಿನಬಳಕೆಯಲ್ಲಿ ಸವೆಯುವ ಸಣ್ಣ ಭಾಗಗಳು ಬಾಡಿಗೆದಾರನದು ಎಂಬುದು ಸ್ಥೂಲವಾದ ಗೆರೆ. ಆ ಗೆರೆಯನ್ನು ಎಲ್ಲ ದೇಶಗಳೂ ಒಂದೇ ಕಡೆ ಎಳೆದಿಲ್ಲ. ಇಂಗ್ಲೆಂಡಿನಲ್ಲಿ 1985ರ ಮಾಲೀಕ ಮತ್ತು ಬಾಡಿಗೆದಾರ ಕಾಯ್ದೆಯ 11ನೇ ಕಲಂ, ಏಳು ವರ್ಷಕ್ಕಿಂತ ಕಡಿಮೆ ಅವಧಿಯ ವಾಸದ ಬಾಡಿಗೆಗಳಲ್ಲಿ ಕಟ್ಟಡದ ರಚನೆ, ಹೊರಭಾಗ, ಚರಂಡಿ ಹಾಗೂ ನೀರಿನ ಸರಬರಾಜಿನ ವ್ಯವಸ್ಥೆಯನ್ನಷ್ಟೇ ಅಲ್ಲದೆ ಬೇಸಿನ್, ಸಿಂಕ್, ಶೌಚಾಲಯದ ಉಪಕರಣಗಳ ದುರಸ್ತಿಯನ್ನೂ ಮಾಲೀಕರ ಮೇಲೆಯೇ ಹೊರಿಸುತ್ತದೆ. ಫ್ರಾನ್ಸಿನಲ್ಲಿ 1987ರ ಆಗಸ್ಟ್ 26ರ ಆದೇಶ ಬಾಡಿಗೆದಾರ ಮಾಡಿಸಬೇಕಾದ ರಿಪೇರಿಗಳನ್ನು ಪಟ್ಟಿ ಮಾಡಿದ್ದು, ನಲ್ಲಿಯ ವಾಷರ್ ಬದಲಿಸುವುದು, ಕಟ್ಟಿಕೊಂಡ ಪೈಪು ಬಿಡಿಸುವುದು, ಫ್ಲಶ್ ಟ್ಯಾಂಕಿನ ಫ್ಲೋಟ್ ಬದಲಿಸುವುದು ಅದರಲ್ಲಿ ಸೇರಿವೆ.

ಭಾರತ ಸರ್ಕಾರ 2021ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯೂ ಫ್ರಾನ್ಸಿನಂತೆ ಅನುಸೂಚಿಯ ದಾರಿಯನ್ನೇ ಹಿಡಿದಿದೆ. ಪೈಪುಗಳ ಬದಲಾವಣೆ ಮತ್ತು ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ ಮಾಲೀಕರ ಪಾಲಿಗೆ ಬಂದರೆ, ನಲ್ಲಿ ಮತ್ತು ವಾಷರ್ ಬದಲಿಸುವುದು, ಚರಂಡಿ ಶುಚಿಗೊಳಿಸುವುದು, ಕಮೋಡ್, ವಾಷ್ ಬೇಸಿನ್, ಗೀಸರ್ ರಿಪೇರಿ ಬಾಡಿಗೆದಾರನ ಪಾಲಿಗೆ ಬರುತ್ತವೆ. ಇದು ಹೆಸರೇ ಹೇಳುವಂತೆ ಮಾದರಿ ಮಾತ್ರ. ಯಾವ ರಾಜ್ಯ ಇದನ್ನು ತನ್ನ ಕಾಯ್ದೆಯಾಗಿ ಅಂಗೀಕರಿಸಿದೆಯೋ ಅಲ್ಲಿ ಮಾತ್ರ ಇದಕ್ಕೆ ಬಲವಿದೆ. ಉಳಿದ ಕಡೆ ಆ ರಾಜ್ಯದ ಬಾಡಿಗೆ ಕಾಯ್ದೆ, ಕರಾರು ಪತ್ರ ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯನ್ನು ನೋಡಬೇಕು.

‘ಸಹಜ ಸವೆತ’ ಎಂದರೆ ಏನು?

ಮನೆಯನ್ನು ಮನೆಯಂತೆ ಬಳಸಿದಾಗ ಕಾಲಕ್ರಮದಲ್ಲಿ ತಾನಾಗಿಯೇ ಆಗುವ ಕ್ಷಯ. ತುಕ್ಕು ಹಿಡಿದ ಹಳೆಯ ಕಬ್ಬಿಣದ ಪೈಪು, ಗಡುಸಾದ ರಬ್ಬರ್ ವಾಷರ್, ಉದುರುತ್ತಿರುವ ಗ್ರೌಟ್ ಇವೆಲ್ಲ ಸವೆತ. ನಲ್ಲಿಯನ್ನು ಜಗ್ಗಿ ಮುರಿದದ್ದು, ಕಮೋಡಿಗೆ ಬಟ್ಟೆ ಹಾಕಿ ಕಟ್ಟಿಕೊಳ್ಳುವಂತೆ ಮಾಡಿದ್ದು, ಗೋಡೆಯೊಳಗೆ ಪೈಪು ಇದೆಯೋ ಇಲ್ಲವೋ ಎಂದು ವಿಚಾರಿಸದೆ ಡ್ರಿಲ್ ಹಾಕಿದ್ದು ಸವೆತವಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೆಯನ್ನು ತನಗೆ ಸಿಕ್ಕ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು, ಆದರೆ ಯುಕ್ತವಾದ ಬಳಕೆಯ ಸವೆತ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗಳಿಗೆ ಅವನು ಹೊಣೆಯಲ್ಲ. ಜರ್ಮನಿಯ ನಾಗರಿಕ ಸಂಹಿತೆಯ 538ನೇ ಕಲಂ ಕೂಡ ಕರಾರಿಗೆ ತಕ್ಕ ಬಳಕೆಯಿಂದಾದ ಸವೆತವನ್ನು ಬಾಡಿಗೆದಾರನ ತಲೆಗೆ ಕಟ್ಟುವುದಿಲ್ಲ.

ಕರಾರು ಪತ್ರದಲ್ಲಿ ‘ಎಲ್ಲ ರಿಪೇರಿಯೂ ಬಾಡಿಗೆದಾರನದು’ ಎಂದು ಬರೆದಿದೆ. ಹಾಗಾದರೆ?

ಇದಕ್ಕೆ ಉತ್ತರ ನೀವಿರುವ ಕಡೆಯ ಕಾನೂನಿನ ಮೇಲೆ ನಿಂತಿದೆ. ಇಂಗ್ಲೆಂಡಿನ 11ನೇ ಕಲಂನಂತಹ ಕಡ್ಡಾಯ ನಿಯಮವಿದ್ದರೆ ಅದಕ್ಕೆ ವಿರುದ್ಧವಾದ ಷರತ್ತು ಸಾಮಾನ್ಯವಾಗಿ ನಡೆಯುವುದಿಲ್ಲ. ಭಾರತದ 108ನೇ ಕಲಂ ಮಾತ್ರ ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ ಅನ್ವಯಿಸುವಂಥದ್ದು. ಆದ್ದರಿಂದ ಅಲ್ಲಿ ಸಹಿ ಹಾಕಿದ ಕಾಗದಕ್ಕೆ ತೂಕ ಹೆಚ್ಚು. ಇಂತಹ ಸಾಲನ್ನು ಕಂಡಾಗ ಸಹಿಗೆ ಮೊದಲೇ ‘ಗೋಡೆಯೊಳಗಿನ ಪೈಪು, ಜಲನಿರೋಧಕ ಪದರ ಮತ್ತು ಕಟ್ಟಡದ ರಚನೆಯ ದೋಷಗಳನ್ನು ಹೊರತುಪಡಿಸಿ’ ಎಂದು ಸೇರಿಸಲು ಕೇಳಿಕೊಳ್ಳಬಹುದು. ಕೇಳಲು ಸಂಕೋಚಪಟ್ಟವರೇ ಆಮೇಲೆ ಹೆಚ್ಚು ಪರದಾಡುವುದು.

ಸೋರಿಕೆ ನನ್ನ ತಪ್ಪಲ್ಲ. ಆದರೆ ಮಾಲೀಕರಿಗೆ ಎರಡು ತಿಂಗಳು ತಡವಾಗಿ ಹೇಳಿದೆ. ತೊಂದರೆಯಾಗುತ್ತದೆಯೇ?

ಆಗಬಹುದು. ತಪ್ಪಿಲ್ಲದ ಬಾಡಿಗೆದಾರ ತಪ್ಪಿತಸ್ಥನಾಗುವುದು ಬಹುಪಾಲು ಇಲ್ಲಿಯೇ. ಪೈಪು ಒಡೆದದ್ದಕ್ಕೆ ನೀವು ಹೊಣೆಯಲ್ಲ. ಆದರೆ ಒಡೆದಿರುವುದು ಕಣ್ಣಿಗೆ ಬಿದ್ದ ಮೇಲೂ ಸುಮ್ಮನಿದ್ದುದರಿಂದ ಹೆಚ್ಚಾದ ಹಾನಿಗೆ ಹೊಣೆಯಾಗುತ್ತೀರಿ. ಜರ್ಮನಿಯ ಸಂಹಿತೆಯ 536ಸಿ ಕಲಂ ಇದನ್ನು ನೇರವಾಗಿಯೇ ಹೇಳುತ್ತದೆ. ದೋಷ ಕಂಡ ಕೂಡಲೇ ಬಾಡಿಗೆದಾರ ಮಾಲೀಕರಿಗೆ ತಿಳಿಸಬೇಕು, ತಿಳಿಸದಿದ್ದರೆ ಅದರಿಂದಾದ ನಷ್ಟವನ್ನು ತುಂಬಿಕೊಡಬೇಕು. ಅಷ್ಟೇ ಅಲ್ಲ, ತಿಳಿಸದ ಕಾರಣ ಮಾಲೀಕರು ಸರಿಪಡಿಸಲಾಗದೆ ಹೋದ ಅವಧಿಗೆ ಬಾಡಿಗೆಯಲ್ಲಿ ಕಡಿತ ಕೇಳುವ ಹಕ್ಕನ್ನೂ ಅವನು ಕಳೆದುಕೊಳ್ಳುತ್ತಾನೆ. ಇಂಗ್ಲೆಂಡಿನ ನ್ಯಾಯಾಲಯಗಳು ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳಿವೆ: ಮನೆಯೊಳಗಿನ ದೋಷ ಮಾಲೀಕರಿಗೆ ತಿಳಿಯುವವರೆಗೆ ಅದನ್ನು ಸರಿಪಡಿಸುವ ಕರ್ತವ್ಯ ಅವರ ಮೇಲೆ ಹುಟ್ಟುವುದೇ ಇಲ್ಲ.

ಸಣ್ಣ ಸೋರಿಕೆಯನ್ನು ಕಡೆಗಣಿಸುವುದು ಮನುಷ್ಯ ಸಹಜ. ಲೆಕ್ಕ ಹಾಕಿದರೆ ಬೇರೆ ಚಿತ್ರ ಕಾಣುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ದಿನಕ್ಕೆ 86,400 ಹನಿಗಳು. ಒಂದು ಹನಿ 0.05 ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್. ಅಷ್ಟೂ ನೀರು ಗೋಡೆಯೊಳಗೆ ಇಳಿಯುತ್ತಿದ್ದರೆ ಪ್ಲಾಸ್ಟರು ಉಬ್ಬುತ್ತದೆ, ಸರಳು ತುಕ್ಕು ಹಿಡಿಯುತ್ತದೆ, ಸ್ವಿಚ್ ಬೋರ್ಡಿಗೆ ತೇವ ತಗುಲಿದರೆ ಜೀವಕ್ಕೇ ಅಪಾಯ. ತೇವಗೊಂಡ ಜಾಗ 24ರಿಂದ 48 ಗಂಟೆಗಳಲ್ಲಿ ಒಣಗದಿದ್ದರೆ ಬೂಷ್ಟು ಬೆಳೆಯಲು ತೊಡಗುತ್ತದೆ. ಹಾಗಾಗಿ ವಾರ ಕಳೆಯಲಿ ನೋಡೋಣ ಎಂಬ ನಿರ್ಧಾರವೂ ಒಂದು ನಿರ್ಧಾರವೇ, ಅದಕ್ಕೂ ಬೆಲೆ ತೆರಬೇಕಾಗುತ್ತದೆ.

ತಿಳಿಸುವುದು ಹೇಗೆ? ಫೋನ್ ಮಾಡಿದರೆ ಸಾಲದೇ?

ನೀರು ಹರಿಯುತ್ತಿರುವಾಗ ಫೋನ್ ಮಾಡುವುದೇ ಸರಿ. ಆದರೆ ಅದೇ ದಿನ ಬರಹದಲ್ಲಿಯೂ ಕಳುಹಿಸಿ. ವಾಟ್ಸ್ಆ್ಯಪ್ ಸಂದೇಶವಾದರೂ ಆದೀತು, ಈಮೇಲ್ ಆದರೆ ಇನ್ನೂ ಒಳ್ಳೆಯದು. ಎಲ್ಲಿ, ಯಾವಾಗಿನಿಂದ, ಎಷ್ಟು ಎಂಬ ಮೂರು ವಿವರ, ಫೋಟೊ ಅಥವಾ ಚಿಕ್ಕ ವಿಡಿಯೊ, ನೀವು ತಕ್ಷಣ ಕೈಗೊಂಡ ಕ್ರಮ ಮತ್ತು ಅವರಿಂದ ಏನಾಗಬೇಕು ಎಂಬುದು ಅದರಲ್ಲಿರಲಿ. ‘ಬಚ್ಚಲಲ್ಲಿ ಏನೋ ಸ್ವಲ್ಪ ಒದ್ದೆ’ ಎಂಬಂತಹ ಸಂದೇಶದಿಂದ ಪ್ರಯೋಜನವಿಲ್ಲ.

ಕೆಳಗಿನ ಮನೆಯವರು ಚಾವಣಿ ಹಾಳಾಯಿತೆಂದು ನನ್ನಿಂದ ನಷ್ಟ ಕೇಳುತ್ತಿದ್ದಾರೆ. ಕೊಡಬೇಕೇ?

ನಿಮ್ಮ ಮನೆಯಿಂದ ನೀರು ಬಂತು ಎಂಬುದಷ್ಟೇ ಸಾಲದು, ಅದು ನಿಮ್ಮ ಅಜಾಗರೂಕತೆಯಿಂದ ಬಂತು ಎಂಬುದು ತೋರಬೇಕು. ಈ ವಿಚಾರದಲ್ಲಿ ಮೆಲ್ಬರ್ನ್‌ನಿಂದ ಬಂದ ಒಂದು ಮೇಲ್ಮನವಿಯನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1913ರಲ್ಲಿ ತೀರ್ಮಾನಿಸಿತು. ರಿಕರ್ಡ್ಸ್ ವಿರುದ್ಧ ಲೋಥಿಯನ್ ಎಂಬ ಆ ಮೊಕದ್ದಮೆಯಲ್ಲಿ ಯಾರೋ ಮೇಲಂತಸ್ತಿನ ಬೇಸಿನ್ನಿನ ತೂತುಗಳನ್ನು ಬೇಕೆಂದೇ ಮುಚ್ಚಿ ನಲ್ಲಿ ತಿರುಗಿಸಿ ಹೋಗಿದ್ದರು. ಉಕ್ಕಿದ ನೀರು ಕೆಳಗಿನ ಬಾಡಿಗೆದಾರನ ಸರಕನ್ನು ಹಾಳುಮಾಡಿತ್ತು. ಕಟ್ಟಡದಲ್ಲಿ ನೀರಿನ ವ್ಯವಸ್ಥೆ ಇಟ್ಟುಕೊಳ್ಳುವುದು ಸಾಮಾನ್ಯ ಬಳಕೆಯೇ ಹೊರತು ಅಪಾಯಕಾರಿ ವಸ್ತುವನ್ನು ತಂದಿಟ್ಟುಕೊಂಡಂತಲ್ಲ, ಹೊರಗಿನವನ ದುರುದ್ದೇಶದ ಕೆಲಸಕ್ಕೆ ಕಟ್ಟಡ ಹಿಡಿದವನು ಹೊಣೆಯಲ್ಲ ಎಂದು ತೀರ್ಪಾಯಿತು. ಇಂಗ್ಲಿಷ್ ಕಾನೂನಿನ ಪರಂಪರೆಯ ದೇಶಗಳಲ್ಲಿ ಈ ವಿವೇಚನೆಗೆ ಇಂದಿಗೂ ಮನ್ನಣೆಯಿದೆ.

ಹಾಗೆಂದು ನಲ್ಲಿ ತೆರೆದಿಟ್ಟು ಹೊರಗೆ ಹೋದವರಿಗೆ, ಕಟ್ಟಿಕೊಂಡಿದೆ ಎಂದು ಗೊತ್ತಿದ್ದೂ ಅದೇ ಬಚ್ಚಲನ್ನು ಬಳಸಿದವರಿಗೆ ಈ ರಕ್ಷಣೆ ಸಿಗದು. ಗೋಡೆಯೊಳಗಿನ ಪೈಪು ಒಡೆದಿದ್ದರೆ ಕೆಳಗಿನವರು ಕೇಳಬೇಕಾದುದು ನಿಮ್ಮ ಮಾಲೀಕರನ್ನು. ಹಲವು ಮನೆಗಳಿಗೆ ಸೇರಿದ ನೇರ ಇಳಿಯುವ ಪೈಪಾದರೆ ನಿವಾಸಿಗಳ ಸಂಘವನ್ನು. ಕಟ್ಟಡ ಹೊಸದಾಗಿದ್ದರೆ ನಿರ್ಮಾಣಗಾರನೂ ಚಿತ್ರಕ್ಕೆ ಬರುತ್ತಾನೆ. ಭಾರತದ 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೇ ಕಲಂ ಪ್ರಕಾರ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ತಿಳಿಸಿದ ರಚನಾ ದೋಷ ಅಥವಾ ಕಳಪೆ ಕೆಲಸವನ್ನು ಅವನು 30 ದಿನಗಳಲ್ಲಿ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಆ ಹಕ್ಕನ್ನು ಚಲಾಯಿಸಬೇಕಾದವರು ಮನೆ ಕೊಂಡ ಮಾಲೀಕರು, ಬಾಡಿಗೆದಾರನಲ್ಲ.

ಒಂದು ಎಚ್ಚರಿಕೆ: ಕೆಳಗಿನವರು ಬಾಗಿಲಿಗೆ ಬಂದಾಗ ಸೌಜನ್ಯಕ್ಕೆಂದು ‘ನಮ್ಮಿಂದಲೇ ಆಯಿತು, ಕೊಡುತ್ತೇವೆ ಬಿಡಿ’ ಎನ್ನಬೇಡಿ. ನೀರು ನಿಲ್ಲಿಸಿ, ಒಳಗೆ ಕರೆದು ತೋರಿಸಿ, ಮಾಲೀಕರ ನಂಬರು ಕೊಡಿ. ಮೂಲ ಪತ್ತೆಯಾಗುವ ಮೊದಲು ಹಣದ ಮಾತು ಬೇಡ.

ನಾವು ಊರಿಗೆ ಹೋಗಿದ್ದಾಗ ಪೈಪು ಒಡೆದರೆ?

ವಿವೇಕವುಳ್ಳ ಒಬ್ಬ ವ್ಯಕ್ತಿ ಹೊರಡುವ ಮೊದಲು ಏನು ಮಾಡುತ್ತಿದ್ದನೋ ಅದನ್ನು ನೀವು ಮಾಡಿದ್ದಿರಾ ಎಂಬುದೇ ಅಳತೆಗೋಲು. ಇಂಗ್ಲೆಂಡಿನ ವಾರೆನ್ ವಿರುದ್ಧ ಕೀನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ಬಾಡಿಗೆದಾರ ಸ್ವತಃ ನೋಡಿಕೊಳ್ಳಬೇಕಾದ ಚಿಕ್ಕಪುಟ್ಟ ಕೆಲಸಗಳನ್ನು ಹೆಸರಿಸುತ್ತ, ಚಳಿಗಾಲದಲ್ಲಿ ಮನೆ ಬಿಟ್ಟು ಹೋಗುವಾಗ ನೀರು ನಿಲ್ಲಿಸಿ ಬಾಯ್ಲರ್ ಖಾಲಿ ಮಾಡುವುದನ್ನೂ ಸೇರಿಸಿದರು. ಅದೇ ಮೊಕದ್ದಮೆಯಲ್ಲಿ ಗೋಡೆಯ ತೇವ ಮತ್ತು ಹಳೆಯ ಕಟ್ಟಡದ ಕ್ಷಯಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದೂ ಆಯಿತು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗಿ ಪೈಪನ್ನು ಸೀಳುವುದರಿಂದ ಚಳಿ ದೇಶಗಳಲ್ಲಿ ಈ ಎಚ್ಚರಿಕೆಗೆ ಹೆಚ್ಚಿನ ಮಹತ್ವ. ಉಳಿದೆಡೆಯೂ ಕೆಲವು ದಿನಗಳ ಮಟ್ಟಿಗೆ ಹೊರಡುವಾಗ ಮುಖ್ಯ ವಾಲ್ವ್ ತಿರುಗಿಸುವುದು ಒಂದು ನಿಮಿಷದ ಕೆಲಸ. ವಿಶೇಷವಾಗಿ, ನೀರು ಇಲ್ಲದ ಹೊತ್ತಿನಲ್ಲಿ ತಿರುಗಿಸಿ ನೋಡಿದ ನಲ್ಲಿ ತೆರೆದೇ ಉಳಿದು, ಬೀಗ ಹಾಕಿದ ಮೇಲೆ ನೀರು ಬಂದು ಮನೆ ತುಂಬಿದರೆ ಅದು ಅಜಾಗರೂಕತೆಯಲ್ಲ ಎಂದು ವಾದಿಸುವುದು ಬಹಳ ಕಷ್ಟ.

ವಾಷಿಂಗ್ ಮೆಷಿನ್ನಿನ ಪೈಪು ಕಳಚಿಕೊಂಡಿತು. ಇದು ಯಾರ ಹೊಣೆ?

ಮೆಷಿನ್ ನಿಮ್ಮದಾದರೆ, ಅದರ ಜೋಡಣೆ ಹಾಗೂ ಪೈಪು ನಿಮ್ಮ ಹೊಣೆ. ನೀರು ಶುದ್ಧೀಕರಣ ಯಂತ್ರ, ಡಿಶ್‌ವಾಷರ್, ನೀವೇ ಹಾಕಿಸಿದ ಶವರ್ ಎಲ್ಲಕ್ಕೂ ಇದೇ ಮಾತು. ಕೂಡಿಸಿದ ತಂತ್ರಜ್ಞನ ತಪ್ಪಿದ್ದರೆ ಅವನಿಂದ ವಸೂಲು ಮಾಡಬಹುದು, ಆದರೆ ಮಾಲೀಕರು ಮೊದಲು ಕೇಳುವುದು ನಿಮ್ಮನ್ನೇ. ಮನೆಯ ಜೊತೆಗೇ ಬಂದ ಮೆಷಿನ್ ಆಗಿದ್ದು, ಹಳತಾದ ಪೈಪು ಸರಿಯಾದ ಬಳಕೆಯಲ್ಲಿಯೇ ಒಡೆದಿದ್ದರೆ ಅದು ಮಾಲೀಕರ ಪಾಲಿಗೆ ಹೋಗುತ್ತದೆ. ಈ ರಬ್ಬರ್ ಪೈಪುಗಳು ಸದಾ ಒತ್ತಡದಲ್ಲಿರುವುದರಿಂದ ಬಟ್ಟೆ ಒಗೆದ ಮೇಲೆ ಅದರ ನಲ್ಲಿಯನ್ನು ಮುಚ್ಚುವುದು ಒಳ್ಳೆಯ ಅಭ್ಯಾಸ.

ತಿಳಿಸಿದರೂ ಮಾಲೀಕರು ರಿಪೇರಿ ಮಾಡಿಸುತ್ತಿಲ್ಲ. ಬಾಡಿಗೆ ನಿಲ್ಲಿಸಬಹುದೇ?

ಪೂರ್ತಿ ನಿಲ್ಲಿಸುವುದು ಅಪಾಯದ ಹೆಜ್ಜೆ, ಏಕೆಂದರೆ ಸೋರಿಕೆಯ ವಿಷಯದಲ್ಲಿ ನ್ಯಾಯ ನಿಮ್ಮ ಕಡೆಗಿದ್ದರೂ ಬಾಡಿಗೆ ಬಾಕಿಯ ವಿಷಯದಲ್ಲಿ ತಪ್ಪು ನಿಮ್ಮ ಮೇಲೆ ಬಂದು ಮನೆ ಖಾಲಿ ಮಾಡಿಸಲು ಅದೇ ಕಾರಣವಾಗಬಹುದು. ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳುವುದು ಬೇರೆ ಸಂಗತಿ. ಭಾರತದ 108ನೇ ಕಲಂ, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸು ತಲುಪಿದ ಯುಕ್ತ ಅವಧಿಯಲ್ಲಿ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಿಂದ ಕಳೆದುಕೊಳ್ಳಲು ಅವಕಾಶ ಕೊಡುತ್ತದೆ. ಮಾದರಿ ಬಾಡಿಗೆ ಕಾಯ್ದೆಯಲ್ಲಿ ಹಾಗೆ ಕಳೆಯುವ ಮೊತ್ತ ಯಾವುದೇ ತಿಂಗಳ ಬಾಡಿಗೆಯ ಅರ್ಧವನ್ನು ಮೀರುವಂತಿಲ್ಲ. ಜರ್ಮನಿಯಲ್ಲಿ ಮನೆ ವಾಸಕ್ಕೆ ಎಷ್ಟರಮಟ್ಟಿಗೆ ಅಯೋಗ್ಯವಾಗಿದೆಯೋ ಅಷ್ಟರಮಟ್ಟಿಗೆ ಬಾಡಿಗೆ ಕಾನೂನಿನಿಂದಲೇ ತಗ್ಗುತ್ತದೆ. ಈ ದಾರಿ ಹಿಡಿಯುವವರು ಮೊದಲು ಲಿಖಿತ ನೋಟಿಸು ಕೊಟ್ಟು, ಕನಿಷ್ಠ ಇಬ್ಬರು ಪ್ಲಂಬರ್‌ಗಳಿಂದ ಅಂದಾಜು ಪಡೆದು, ಅದನ್ನು ಮಾಲೀಕರಿಗೆ ಕಳುಹಿಸಿ, ರಸೀದಿಗಳನ್ನು ಜೋಪಾನ ಮಾಡಬೇಕು. ಈ ಅವಕಾಶದ ಹೆಸರಿನಲ್ಲಿ ಬಚ್ಚಲನ್ನೇ ಹೊಸದಾಗಿ ಕಟ್ಟಿಸುವುದು ನಡೆಯದು.

ರಿಪೇರಿಗೆ ಬಂದವರನ್ನು ಒಳಗೆ ಬಿಡಲೇಬೇಕೇ?

ಮುಂಚಿತವಾಗಿ ತಿಳಿಸಿ, ಯುಕ್ತ ಹೊತ್ತಿನಲ್ಲಿ ಬಂದರೆ ಬಿಡಬೇಕು. ಮಾದರಿ ಕಾಯ್ದೆ ಕನಿಷ್ಠ 24 ಗಂಟೆಗಳ ಲಿಖಿತ ಸೂಚನೆಯನ್ನು ಕೇಳುತ್ತದೆ. ನೀರು ಕೆಳಗಿನ ಮನೆಗೆ ಸುರಿಯುತ್ತಿರುವಾಗ ಮಾತ್ರ ಸೂಚನೆಯ ಲೆಕ್ಕ ಹಿಡಿದು ಬಾಗಿಲು ತೆರೆಯದಿದ್ದರೆ, ಆ ಹೊತ್ತಿನಿಂದ ಮುಂದಿನ ಹಾನಿ ನಿಮ್ಮ ಖಾತೆಗೆ ಬೀಳಬಹುದು.

ನನ್ನ ತಪ್ಪಿನಿಂದಲೇ ಹಾನಿಯಾಗಿದೆ ಎಂದುಕೊಳ್ಳೋಣ. ಠೇವಣಿಯಿಂದ ಎಷ್ಟು ಮುರಿದುಕೊಳ್ಳಬಹುದು?

ಹಾನಿಯನ್ನು ಸರಿಪಡಿಸಲು ಬೇಕಾದಷ್ಟು ಮಾತ್ರ, ಮನೆಯನ್ನು ಹೊಸದಾಗಿಸಲು ಬೇಕಾದಷ್ಟಲ್ಲ. ಒಂದು ಗೋಡೆ ತೊಯ್ದಿದ್ದಕ್ಕೆ ಇಡೀ ಮನೆಗೆ ಬಣ್ಣ ಹೊಡೆಸಿದ ಬಿಲ್ಲನ್ನು ಮುಂದಿಡುವುದು ಸರಿಯಲ್ಲ. ಹಾಳಾದ ವಸ್ತುವಿನ ವಯಸ್ಸನ್ನೂ ಗಣಿಸಬೇಕು. ಬಣ್ಣದ ಬಾಳಿಕೆ ಐದು ವರ್ಷ ಎಂದು ಇಬ್ಬರೂ ಒಪ್ಪಿದ್ದು, ಹಾಳಾದ ಬಣ್ಣಕ್ಕೆ ನಾಲ್ಕು ವರ್ಷ ಆಗಿದ್ದರೆ, ಹೊಸ ಬಣ್ಣದ ಖರ್ಚಿನಲ್ಲಿ ಐದರಲ್ಲೊಂದು ಪಾಲು ಮಾತ್ರ ನ್ಯಾಯವಾಗಿ ನಿಮ್ಮದು. ಯಾವ ಕಡಿತಕ್ಕೂ ಬಿಲ್ಲು ಮತ್ತು ಫೋಟೊ ಕೇಳುವ ಹಕ್ಕು ನಿಮಗಿದೆ. ಹೋಗುವ ಮೊದಲೇ ಮುರಿದುಕೊಂಡು, ಉಳಿದದ್ದನ್ನು ಕೈಗಿತ್ತು ‘ಲೆಕ್ಕ ಸರಿಹೋಯಿತು’ ಎನ್ನುವವರ ಎದುರು ಸಹಿ ಹಾಕುವ ಮುನ್ನ ಒಂದು ದಿನ ಕಾಲಾವಕಾಶ ಕೇಳಿ.

ವಿಮೆಯಿಂದ ಸಹಾಯವಾಗುತ್ತದೆಯೇ?

ಮಾಲೀಕರ ಕಟ್ಟಡ ವಿಮೆ ನಿಮ್ಮ ಸಾಮಾನುಗಳನ್ನು ಕಾಯುವುದಿಲ್ಲ. ಅದಕ್ಕೆ ಬಾಡಿಗೆದಾರನೇ ಪ್ರತ್ಯೇಕ ವಿಮೆ ಮಾಡಿಸಬೇಕು. ಅದರಲ್ಲಿ ಇತರರಿಗೆ ಆಗುವ ನಷ್ಟದ ಹೊಣೆಯೂ ಸೇರಿದೆಯೇ ಎಂದು ನೋಡಿ, ಏಕೆಂದರೆ ಕೆಳಗಿನ ಮನೆಯ ಪ್ರಶ್ನೆ ಬಂದಾಗ ಉಪಯೋಗಕ್ಕೆ ಬರುವುದು ಆ ಭಾಗ. ಫ್ರಾನ್ಸಿನಲ್ಲಿ 1989ರ ಜುಲೈ 6ರ ಕಾಯ್ದೆ ಬಾಡಿಗೆದಾರ ಇಂತಹ ಅಪಾಯಗಳಿಗೆ ವಿಮೆ ಮಾಡಿಸಲೇಬೇಕೆಂದು ವಿಧಿಸಿದೆ. ಎಷ್ಟೋ ಪಾಲಿಸಿಗಳು ಹಠಾತ್ತನೆ ಒಡೆದ ಪೈಪಿಗೆ ಪರಿಹಾರ ಕೊಟ್ಟು, ತಿಂಗಳುಗಟ್ಟಲೆ ಜಿನುಗಿದ ನೀರಿಗೆ ಕೊಡುವುದಿಲ್ಲ. ಇನ್ನೊಂದು ವಿಷಯ ಹಲವರಿಗೆ ಅನಿರೀಕ್ಷಿತ: ಕೆಳಗಿನವರಿಗೆ ಅವರ ವಿಮಾ ಕಂಪನಿ ಹಣ ಕೊಟ್ಟ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ, ಅವರ ಸ್ಥಾನದಲ್ಲಿ ನಿಂತು ಆ ಕಂಪನಿಯೇ ನಿಮ್ಮಿಂದ ವಸೂಲಿಗೆ ಬರಬಹುದು.

ಮನೆ ಹಿಡಿಯುವಾಗ ಏನನ್ನು ನೋಡಿಕೊಳ್ಳಬೇಕು?

ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದು, ಸಿಂಕಿನ ಅಡಿಯ ಕಪಾಟಿನೊಳಗೆ ಟಾರ್ಚ್ ಹಾಕಿ, ಪೈಪಿನ ಕೀಲುಗಳನ್ನು ಒಣ ಕಾಗದದಿಂದ ಒರೆಸಿ ನೋಡಿ. ಬಚ್ಚಲಿನ ಹಿಂಬದಿಯ ಗೋಡೆಯನ್ನು ಇನ್ನೊಂದು ಕೋಣೆಯಿಂದ ಮುಟ್ಟಿ ನೋಡಿ, ಹೊಸದಾಗಿ ಬಳಿದ ಬಣ್ಣ ಒಂದೇ ಮೂಲೆಯಲ್ಲಿದ್ದರೆ ಕಾರಣ ಕೇಳಿ. ತನಗೆ ಗೊತ್ತಿದ್ದು, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಬಾಡಿಗೆದಾರನಿಗೆ ಕಾಣದಂತಹ ಗಂಭೀರ ದೋಷವನ್ನು ಮಾಲೀಕ ಮೊದಲೇ ಹೇಳಬೇಕೆಂದು 108ನೇ ಕಲಂ ಹೇಳುತ್ತದೆ. ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯ ಎಲ್ಲರೂ ಮೊದಲ ದಿನವೇ ತಿಳಿದುಕೊಳ್ಳಿ. ನೋಡಿದ್ದನ್ನೆಲ್ಲ ದಿನಾಂಕ ಕಾಣುವಂತೆ ವಿಡಿಯೊ ಮಾಡಿ ಮಾಲೀಕರಿಗೂ ಕಳುಹಿಸಿ.

ನಾನು ಮನೆ ಬಿಟ್ಟ ಮೂರು ತಿಂಗಳ ನಂತರ ಸೋರಿಕೆ ಕಂಡುಬಂದಿದೆ, ನೀವೇ ಕಾರಣ ಎನ್ನುತ್ತಿದ್ದಾರೆ.

ನೀವು ಇದ್ದಾಗಲೇ ಹಾನಿಯಾಗಿತ್ತು ಮತ್ತು ನಿಮ್ಮಿಂದಲೇ ಆಯಿತು ಎಂಬುದನ್ನು ತೋರಿಸಬೇಕಾದವರು ಅವರು. ನಡುವೆ ಬೇರೆಯವರು ವಾಸವಿದ್ದರೆ ಅದು ಇನ್ನಷ್ಟು ಕಷ್ಟ. ಬೀಗದ ಕೈ ಹಿಂದಿರುಗಿಸಿದ ದಿನ ಮಾಲೀಕರ ಜೊತೆ ಮನೆ ಸುತ್ತಿ ನೋಡಿ, ನಲ್ಲಿ, ಕಮೋಡ್, ಸಿಂಕಿನ ಅಡಿ ಎಲ್ಲವೂ ಒಣಗಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದ್ದರೆ, ಆ ಹಾಳೆಯ ಪ್ರತಿಯನ್ನು ಕಳುಹಿಸಿದರೆ ಸಾಕು.